ಕಾರಿಡಾರಿನಲ್ಲಿ ಕೂತ ಪೋಲೆಂಡ್

ಮೊನ್ನೆ ನಮ್ಮ ಡಿಡ್ಸ್‌ಬರಿಯ ಕನ್ನಡಿಗರ ಮನೆಯೊಂದರಲ್ಲಿ ಸೂತಕದ ಕಳೆ ಇತ್ತು. ಯಾರೂ ಸತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ದೊಡ್ಡಾಸ್ಪತ್ರೆಯ ಡಾಕ್ಟರುಗಳಾಗಿರುವ ಆ ಮನೆಯ ಮಗಳು ಅನಘಾ, ಇತಿಹಾಸದ ಟೀಚರ್ ಆಗುತ್ತೇನೆಂದು ಟ್ರೇನಿಂಗಿಗೆ ಸೇರಿಬಿಟ್ಟಿದ್ದಳು. ಸಮಾಧಾನ ಹೇಳಲು ಹೋದವರೆಲ್ಲ "ಇನ್ನೂ ಚಿಕ್ಕ ವಯಸ್ಸು ಬಿಡಿ, ಮನಸ್ಸು ಬದಲಾಗಬಹುದು" ಎಂದು ಧೈರ್ಯ ತುಂಬಿ, ಚಹಾ ಕುಡಿದು ಬಂದರು. ನಾನು ಹೋದಾಗ ಮಾತ್ರ ಆಕೆಯ ತಾಯಿ, ಈ ರೋಗ ಹರಡಿದ್ದೇ ನಾನು ಎಂಬಂತೆ ನೋಡಿದರು. ಅವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ನಮ್ಮ ಪೈಕಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ಪೆನ್ಷನ್ ತೆಗೆದುಕೊಳ್ಳುತ್ತಿರುವ ಪ್ರಾಣಿ ನಾನೊಬ್ಬನೇ.

"ಅಂಕಲ್, ಎನಿ ಟಿಪ್ಸ್?" ಎಂದು ಅನಘಾ ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ತಾಯಿಯೇ ಓದಿ ಹೇಳಬೇಕಾಗುತ್ತದೆ. ಆ ತಾಯಿಗೆ ನನ್ನಿಂದ ಇಷ್ಟಾದರೂ ಶಿಕ್ಷೆ ಆಗಲಿ.

ಟಿಪ್ಸ್ ಎಂದರೆ ನನ್ನ ಬಳಿ ಹೆಚ್ಚೇನಿಲ್ಲ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ ಬೇಕು. ಹೇಳಬೇಕಾದದ್ದು ಒಂದೇ ಪಾಠದ ಕತೆ. ವರ್ಷ ವರ್ಷವೂ ಅದೇ ಪಾಠ ಮಾಡಿದೆ. ಒಂದು ವರ್ಷ ಮಾತ್ರ ಆ ಪಾಠ, ಒಬ್ಬ ಮುದುಕ ತನ್ನ ತಂಗಿಯ ಜೊತೆ ಮಾತಾಡುತ್ತಾನೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತು. ಅವಳಿಗೆ ಹೆಚ್ಚು ಕಾಲ ಇರಲಿಲ್ಲ. ಅಲ್ಲಿಗೆ ಬರುವ ಮೊದಲು ಪಾಠ ಏನು ಎಂದು ತಿಳಿಯಬೇಕು.

ನಾನು ಬ್ರಿಟನ್ನಿಗೆ ಬಂದದ್ದು ಡಾಕ್ಟರ ಗಂಡನಾಗಿ. ಹೆಂಡತಿ ಸುಮಾ ಅರಿವಳಿಕೆ ಕೊಡುವ ಡಾಕ್ಟರು, ಮೈಸೂರಿನವಳು. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವನು. ಇಲ್ಲಿ ಕನ್ನಡದ ಗಂಡಸು ಎಂದರೆ ಡಾಕ್ಟರು, ಇಲ್ಲವೇ ಸಾಲ್ಫರ್ಡ್ ಕಡೆಯ ಕಂಪ್ಯೂಟರು. ಮೂರನೆಯ ಜಾತಿ ಇಲ್ಲ. ಹಬ್ಬದ ಊಟದಲ್ಲಿ ಯಾರೋ ಪಕ್ಕ ಕೂತು "ಡಾಕ್ಟರೇ, ಮೊಣಕಾಲು ಒಂದೇ ಸಮ ನೋವು" ಎನ್ನುತ್ತಿದ್ದರು. ಮೊದಮೊದಲು ನಾನು ಟೀಚರ್ ಎಂದು ತಿದ್ದುತ್ತಿದ್ದೆ. ಆಗ ಅವರ ಮುಖದಲ್ಲಿ ಮೂಡುತ್ತಿದ್ದ ಕನಿಕರ ನೋಡಲಾರದೆ, ಆಮೇಲೆ "ಬಿಸಿನೀರಿನ ಶಾಖ ಕೊಡಿ" ಎಂದು ಹೇಳಿ ಸುಮ್ಮನಾಗುವುದನ್ನು ಕಲಿತೆ. ಅದರಿಂದ ಯಾರಿಗೂ ತೊಂದರೆಯಾದ ಸುದ್ದಿ ಬಂದಿಲ್ಲ.

ಸ್ಟಾಕ್‌ಪೋರ್ಟಿನ ಕಾಲೇಜೊಂದರಲ್ಲಿ ಕೆಲಸ ಖಾಲಿ ಇತ್ತು. ಹದಿನಾರು ಹದಿನೇಳರ ಹುಡುಗರು ಯೂನಿವರ್ಸಿಟಿಗೆ ಹೋಗುವ ಮೊದಲು ಓದುವ ಕಾಲೇಜು. ಇತಿಹಾಸ ವಿಭಾಗದ ಮುಖ್ಯಸ್ಥ ಹ್ಯಾರಪ್ ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಪೋಲೆಂಡ್ ಗೊತ್ತಾ?" ನಾನು ಎಂ.ಎ.ಯಲ್ಲಿ ಓದಿದ್ದು ಬಹಮನಿ ಸುಲ್ತಾನರ ಕಂದಾಯ ಪದ್ಧತಿ. "ಚೆನ್ನಾಗಿ ಗೊತ್ತು" ಎಂದೆ. ಅವರಿಗೆ ಸಂತೋಷವಾಯಿತು. ಇಂಡಿಯಾ, ಪೋಲೆಂಡ್ ಎರಡೂ ಅವರ ತಲೆಯಲ್ಲಿ 'ಹೊರದೇಶ' ಎಂಬ ಒಂದೇ ಕಪಾಟಿನಲ್ಲಿದ್ದವು. ಯುದ್ಧ, ಬಾಂಬು, ಸರ್ವಾಧಿಕಾರಿಗಳು ಎಂಬ ರುಚಿಕಟ್ಟಾದ ಭಾಗಗಳನ್ನು ಹ್ಯಾರಪ್ ತಾವೇ ಇಟ್ಟುಕೊಂಡಿದ್ದರು. ಮಿಕ್ಕಿದ್ದು ಎರಡನೇ ಮಹಾಯುದ್ಧದ ಕೊನೆಗೆ ಪೋಲೆಂಡಿಗೆ ಯಾವ ಸರ್ಕಾರ ಎಂದು ಮಿತ್ರರಾಷ್ಟ್ರಗಳು ನಡೆಸಿದ ಮಾತುಕತೆ. ಅದನ್ನು ಕೇಳಿದರೆ ಹುಡುಗರು ನಿದ್ದೆ ಹೋಗುತ್ತಾರೆ ಎಂದು ಇಡೀ ವಿಭಾಗಕ್ಕೆ ಗೊತ್ತಿತ್ತು. ಹೆಂಡತಿಯದು ನಿದ್ದೆ ಬರಿಸುವ ಕೆಲಸ, ಗಂಡನದೂ ಅದೇ ಆಯಿತು.

ವಿಷಯ ನಿಜಕ್ಕೂ ತಮಾಷೆಯದು. ಬ್ರಿಟನ್ ಯುದ್ಧಕ್ಕೆ ಇಳಿದದ್ದೇ ಪೋಲೆಂಡಿನ ಹೆಸರಿನಲ್ಲಿ. ಯುದ್ಧ ಮುಗಿಯುವ ಹೊತ್ತಿಗೆ ಪೋಲೆಂಡಿಗೆ ಎರಡು ಸರ್ಕಾರಗಳು ಹುಟ್ಟಿಕೊಂಡಿದ್ದವು. ಒಂದು ಲಂಡನ್ನಿನಲ್ಲಿ, ಯುದ್ಧ ಶುರುವಾದಾಗ ದೇಶ ಬಿಟ್ಟು ಓಡಿಬಂದವರದು: ಮಂತ್ರಿಗಳು, ಮೊಹರು, ಮೇಜು, ಕುರ್ಚಿ ಎಲ್ಲ ಇತ್ತು, ಕಾಲಡಿ ದೇಶ ಮಾತ್ರ ಇರಲಿಲ್ಲ. ಇನ್ನೊಂದು ರಷ್ಯದವರು ಲುಬ್ಲಿನ್ ಎಂಬ ಊರಿನಲ್ಲಿ ಕೂರಿಸಿದ್ದು: ಅದಕ್ಕೆ ದೇಶ ಇತ್ತು, ದೇಶದ ತುಂಬ ರಷ್ಯದ ಸೈನಿಕರೂ ಇದ್ದರು. ಬ್ರಿಟನ್ನಿನ ಪ್ರಧಾನಿ, ಅಮೆರಿಕದ ಅಧ್ಯಕ್ಷ, ರಷ್ಯದ ನಾಯಕ ಮೂವರೂ ಯಾಲ್ಟಾ ಎಂಬ ಕಡಲತೀರದ ಊರಿನಲ್ಲಿ ಸೇರಿ, ದಿನಗಟ್ಟಲೆ ಚರ್ಚಿಸಿ, ರಷ್ಯದ ಖರ್ಚಿನಲ್ಲಿ ಊಟ ಮಾಡಿ, ಕೊನೆಗೆ ಒಂದು ವಾಕ್ಯ ಹೆತ್ತರು. ಈಗಿರುವ, ಅಂದರೆ ಲುಬ್ಲಿನ್ನಿನ, ತಾತ್ಕಾಲಿಕ ಸರ್ಕಾರವನ್ನು ಇನ್ನಷ್ಟು ವಿಶಾಲವಾದ ಪ್ರಜಾಸತ್ತಾತ್ಮಕ ತಳಹದಿಯ ಮೇಲೆ ಪುನರ್ರಚಿಸುವುದು, ದೇಶದ ಒಳಗಿನ ಮತ್ತು ಹೊರಗಿನ ನಾಯಕರನ್ನು ಸೇರಿಸಿಕೊಳ್ಳುವುದು. ಪುನರ್ರಚನೆ ಎಂದರೆ ಹಳೇ ಮನೆ ಕೆಡವಿ ಹೊಸದು ಕಟ್ಟುವುದು ಎಂದು ಒಬ್ಬರು ತಿಳಿದರು. ಅದೇ ಮನೆಯ ಕಿಟಕಿಗೆ ಹೊಸ ಪರದೆ ಎಂದು ಇನ್ನೊಬ್ಬರು ತಿಳಿದರು. ಪರದೆಯವರು ಗೆದ್ದರು. ಲಂಡನ್ನಿನಿಂದ ಬಂದವರಿಗೆ ಒಂದೆರಡು ಖಾತೆ ಸಿಕ್ಕಿತು, ಪೊಲೀಸರನ್ನು ಆಳುವ ಖಾತೆ ಮೊದಲಿನವರ ಕೈಯಲ್ಲೇ ಉಳಿಯಿತು. ಕೆಲವೇ ತಿಂಗಳಲ್ಲಿ ಬ್ರಿಟನ್, ತನ್ನ ಮನೆಯಲ್ಲೇ ಇಟ್ಟುಕೊಂಡು ಸಾಕಿದ್ದ ಲಂಡನ್ ಸರ್ಕಾರವನ್ನು ಗುರುತೇ ಇಲ್ಲ ಎಂದಿತು.

ಮೊದಲ ವರ್ಷ ನಾನು ಇದನ್ನು ಧಾರವಾಡದ ಶೈಲಿಯಲ್ಲಿ ಪಾಠ ಮಾಡಿದೆ. ಬೋರ್ಡಿನ ತುಂಬ ಬರೆಯುವುದು, ಹುಡುಗರು ತುಟಿ ಪಿಟಿಕ್ ಎನ್ನದೆ ಬರೆದುಕೊಳ್ಳುವುದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕದಲ್ಲಿದ್ದ ಮೂವರು ನಾಯಕರ ಫೋಟೋ ತೋರಿಸಿ, "ಸರ್, ಇವರಲ್ಲಿ ಪೋಲೆಂಡಿನವನು ಯಾರು?" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಹೋಗುವಾಗ ಟ್ರೇನಿನಲ್ಲಿ ನಗು ನಿಂತಿತು. ಪೂರ್ತಿ ಪೀರಿಯಡ್ಡಿನಲ್ಲಿ ನಾನು ಹೇಳದೇ ಬಿಟ್ಟದ್ದನ್ನು ಅವಳು ಒಂದು ಪ್ರಶ್ನೆಯಲ್ಲಿ ಕೇಳಿದ್ದಳು.

ಮುಂದಿನ ವರ್ಷದಿಂದ ಪಾಠ ಬದಲಾಯಿತು. ಮೂವರು ವಿದ್ಯಾರ್ಥಿಗಳು ಮೂರು ದೇಶಗಳ ನಾಯಕರು, ಉಳಿದವರು ಅವರ ಸಲಹೆಗಾರರು. ನಾಲ್ವರು ಪೋಲೆಂಡಿನವರು: ಇಬ್ಬರು ಲಂಡನ್ ಕಡೆ, ಇಬ್ಬರು ಲುಬ್ಲಿನ್ ಕಡೆ. ಪಾಠ ಶುರುವಾಗುವಾಗ ನಾನು ಚಪ್ಪಾಳೆ ತಟ್ಟಿ "ಪೋಲೆಂಡಿನವರೆಲ್ಲ ಹೊರಗೆ!" ಎಂದು ಕೂಗುತ್ತಿದ್ದೆ. ಅವರು ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಬೇಕು. ಬಾಗಿಲಿನ ಎಡಕ್ಕೆ ಲಂಡನ್, ಬಲಕ್ಕೆ ಲುಬ್ಲಿನ್, ನಡುವೆ ಗೋಡೆಗೆ ತೂಗುಹಾಕಿದ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಒಳಗಿನವರು ತೀರ್ಮಾನಿಸುವವರೆಗೆ ಬಾಗಿಲು ತೆರೆಯುವಂತಿಲ್ಲ. ಆಮೇಲೆ ರಷ್ಯದ ನಾಯಕ ಹೊರಗೆ ಬಂದು ಅವರ ಸರ್ಕಾರ ಯಾವುದೆಂದು ಅವರಿಗೇ ಓದಿ ಹೇಳುತ್ತಾನೆ.

ಅಷ್ಟು ವರ್ಷವೂ ಒಳಗೆ ನಡೆದದ್ದು ಹೆಚ್ಚುಕಡಿಮೆ ಒಂದೇ. ಬ್ರಿಟನ್ ಆದವನು ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದ, ಕೈ ಬೀಸುತ್ತಿದ್ದ, ಮಾನ ಮರ್ಯಾದೆ ಎನ್ನುತ್ತಿದ್ದ. ಅಮೆರಿಕಕ್ಕೆ ಊಟದ ಗಂಟೆಯೊಳಗೆ ಮುಗಿದರೆ ಸಾಕಿತ್ತು. ರಷ್ಯ ಆದವರು ಬಾಯಿ ಬಿಚ್ಚುತ್ತಲೇ ಇರಲಿಲ್ಲ. ಬಂದವರೇ ಪೋಲೆಂಡ್ ಎಂದು ಬರೆದಿಟ್ಟ ಮೇಜಿನ ಮೇಲೆ ತಮ್ಮ ಬ್ಯಾಗುಗಳನ್ನೆಲ್ಲ ಪೇರಿಸಿಬಿಡುತ್ತಿದ್ದರು. "ತೆಗಿ" ಎಂದರೆ "ನೀನೇ ಬಂದು ತೆಗಿ". ಅಲ್ಲಿಗೆ ಮಾತುಕತೆ ಮುಗಿದಂತೆಯೇ. ನಾನು ಹೇಳಿಕೊಟ್ಟದ್ದಲ್ಲ, ಹದಿನೇಳು ವರ್ಷದ ಹುಡುಗರಿಗೆ ಇದೆಲ್ಲ ತಾನಾಗಿಯೇ ಬರುತ್ತದೆ.

ಅನಘಾ, ಮೇಲಧಿಕಾರಿಗಳ ಬಗ್ಗೆ ಒಂದು ಮಾತು. ಒಂದು ವರ್ಷ ತಪಾಸಣೆಗೆಂದು ಬಂದ ಹೆಣ್ಣುಮಗಳು ಕಾರಿಡಾರಿನಲ್ಲಿ ನಡೆದು ಬರುತ್ತ, ನಾಲ್ವರು ಹೊರಗೆ ಕೂತಿದ್ದನ್ನು ನೋಡಿದರು. "ನಿಮ್ಮನ್ನು ಯಾಕೆ ಹೊರಗೆ ಹಾಕಿದ್ದಾರೆ?" ಎಂದು ಕೇಳಿದರು. ಲಂಡನ್ ಕಡೆಯ ಹುಡುಗ ಮುಖ ಸಣ್ಣ ಮಾಡಿಕೊಂಡು, "ನಾವು ಪೋಲೆಂಡಿನವರು, ಅದಕ್ಕೆ" ಎಂದ. ಆಮೇಲೆ ನನಗಾದ ವಿಚಾರಣೆ ಕೇಳಬೇಡ. ಹ್ಯಾರಪ್ ಸಾಹೇಬರ ಕೋಣೆಯಲ್ಲಿ ನನ್ನ ಪಾಠದ ಬಗ್ಗೆ ಮೂವರು ಕೂತು ಚರ್ಚಿಸಿದರು. ನನ್ನನ್ನು ಎಲ್ಲಿ ಕೂರಿಸಿದ್ದರು ಅಂತೀಯಾ? ಕಾರಿಡಾರಿನಲ್ಲಿ. ಚರ್ಚೆ ಮುಗಿದು ಹ್ಯಾರಪ್ ಹೊರಬಂದು, "ನಿಮ್ಮ ಪಾಠವನ್ನು ಮುಂದುವರಿಸಬಹುದು, ಸ್ವಲ್ಪ ಪುನರ್ರಚಿಸಬೇಕು ಅಷ್ಟೆ" ಎಂದರು. ಪುನರ್ರಚನೆ ಎಂದರೆ ನನಗೆ ಗೊತ್ತಿತ್ತಲ್ಲ. ಬಾಗಿಲಿಗೆ 'ಇದು ಪಾಠದ ಭಾಗ' ಎಂದು ಒಂದು ಚೀಟಿ ಅಂಟಿಸಿದೆ. ಎಲ್ಲರಿಗೂ ತೃಪ್ತಿಯಾಯಿತು.

ಪದ್ಧತಿಗಳೂ ಬದಲಾದವು. ಸೀಮೆಸುಣ್ಣ ಹೋಗಿ ಪ್ರೊಜೆಕ್ಟರ್ ಬಂತು, ಪ್ರೊಜೆಕ್ಟರ್ ಹೋಗಿ ಮುಟ್ಟಿದರೆ ಓಡುವ ಬೋರ್ಡ್ ಬಂತು. ಮುಟ್ಟಿದರೂ ಓಡದ ದಿನಗಳೇ ಹೆಚ್ಚು. ಪ್ರತಿ ಪಾಠದ ಮೊದಲು 'ಇಂದು ನಾವು ಏನು ಕಲಿಯಲಿದ್ದೇವೆ' ಎಂದು ಬರೆಯಬೇಕೆಂಬ ನಿಯಮ ಬಂತು. ನನಗೇ ಗೊತ್ತಿರುತ್ತಿರಲಿಲ್ಲ. ಒಂದು ದೇಶದ ಹಣೆಬರಹವನ್ನು ಪರೀಕ್ಷೆಯವರು 'ಎರಡು ಕಾರಣ ಕೊಡಿ' ಎಂಬ ಪ್ರಶ್ನೆಗೆ ಇಳಿಸಿದರು. ಹುಡುಗರು ಎರಡು ಕಾರಣ ಕೊಟ್ಟು ಪಾಸಾದರು, ಅವರೀಗ ಬ್ಯಾಂಕುಗಳಲ್ಲಿದ್ದಾರೆ.

ಈ ವಿಷಯದಲ್ಲಿ ನಾನು ಪಂಡಿತ ಎಂಬ ಖ್ಯಾತಿ ನಮ್ಮವರಿಗೂ ಮುಟ್ಟಿತು. ನಮ್ಮಲ್ಲಿ ಆಗ ಎರಡು ಕನ್ನಡ ಸಂಘಗಳಾಗಿದ್ದವು, ಒಂದು ಹಳೆಯ ಡಾಕ್ಟರುಗಳದು, ಒಂದು ಹೊಸದಾಗಿ ಬಂದ ಸಾಲ್ಫರ್ಡಿನವರದು. ಒಂದೇ ಊರಿನಲ್ಲಿ, ಒಂದೇ ಭಾನುವಾರ, ಎರಡು ಯುಗಾದಿ. ಎರಡೂ ಕಡೆ ಹೋಗಿ ಎರಡೆರಡು ಒಬ್ಬಟ್ಟು ತಿಂದು ತಟಸ್ಥನಾಗಿದ್ದವನು ನಾನೊಬ್ಬ. "ನೀವೇ ಒಂದುಮಾಡಿ" ಎಂದು ನನ್ನನ್ನು ಹಿಡಿದರು. ನಮ್ಮ ಮನೆಯ ಹಾಲಿನಲ್ಲಿ ಸಭೆ ನಡೆಯಿತು. ಎಷ್ಟೋ ವರ್ಷ ಪಾಠ ಮಾಡಿದ ವಾಕ್ಯವನ್ನೇ ಕನ್ನಡಕ್ಕೆ ತಂದು ಮುಂದಿಟ್ಟೆ. ಈಗಿರುವ ಹಳೇ ಸಮಿತಿಯನ್ನೇ ವಿಶಾಲ ತಳಹದಿಯ ಮೇಲೆ ಪುನರ್ರಚಿಸುವುದು. ಎಲ್ಲರೂ ತಲೆದೂಗಿದರು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಮೊದಲಿನವರೇ ಉಳಿದರು. ಹೊಸಬರಿಗೆ ಮೈಕ್ ಸೆಟ್ಟಿನ ಉಸ್ತುವಾರಿ ಸಿಕ್ಕಿತು.

ಅಡುಗೆಮನೆಯಲ್ಲಿ ಸುಮಾ ಮತ್ತು ಬಂದವರ ಹೆಂಡಂದಿರು ಬೋಂಡಾ ಕರಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಇಬ್ಬರ ಯುಗಾದಿಯೂ ಇನ್ನು ಒಂದೇ, ಇನ್ನೂರು ಜನಕ್ಕೆ ಅಡುಗೆ ಎಂದು ಘೋಷಿಸಿದೆ. ಸುಮಾ ಜಾಲರಿ ಸೌಟು ಕೆಳಗಿಟ್ಟಳು.

"ಏನ್ರೀ, ಮಾಡೋರು ನಾವು. ನಮ್ಮನ್ನ ಯಾರಾದ್ರೂ ಕೇಳಿದ್ರಾ?"

ಆ ಯುಗಾದಿಗೆ ಅಖಂಡ ಕನ್ನಡ ಸಮುದಾಯ ಸೂಪರ್‌ಮಾರ್ಕೆಟ್ಟಿನ ತಣ್ಣನೆಯ ಸಮೋಸ ತಿಂದಿತು. ಮರುವರ್ಷ ಮತ್ತೆ ಎರಡು ಸಂಘಗಳಾದವು, ಮತ್ತೆ ನನಗೆ ನಾಲ್ಕು ಒಬ್ಬಟ್ಟು ಸಿಕ್ಕವು.

ಈಗ ಆ ಮುದುಕನ ವಿಷಯಕ್ಕೆ ಬರುತ್ತೇನೆ.

ನನ್ನ ನಿವೃತ್ತಿಗೆ ಕೆಲವು ವರ್ಷ ಮೊದಲು ಪೋಲೆಂಡಿನಿಂದ ಕೆಲಸ ಹುಡುಕಿಕೊಂಡು ಜನ ಬರತೊಡಗಿದ್ದರು. ಅವರ ಮಕ್ಕಳು ನಮ್ಮ ಕಾಲೇಜಿಗೂ ಬಂದರು. ಹಾಗೆ ಬಂದವನು ಪಾವೆಲ್. ಅಪ್ಪ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ, ಹುಡುಗ ಮೊದಲು ಪೋಲಿಷ್‌ನಲ್ಲಿ ಯೋಚಿಸಿ ಆಮೇಲೆ ನಿಧಾನವಾಗಿ ಇಂಗ್ಲಿಷ್ ಆಡುತ್ತಿದ್ದ. ಅದೇ ತರಗತಿಯಲ್ಲಿ ಹಲೀನಾ ಎಂಬ ಹುಡುಗಿ ಇದ್ದಳು. ಹೆಸರು ಪೋಲೆಂಡಿನದು, ಮಾತು ಅಪ್ಪಟ ಸ್ಟಾಕ್‌ಪೋರ್ಟಿನದು. ಅವಳ ತಾತ ಜಿಗ್ಮುಂಟ್ ಯುದ್ಧದಲ್ಲಿ ಲಂಡನ್ ಸರ್ಕಾರದ ಪೋಲಿಷ್ ಸೇನೆಯಲ್ಲಿದ್ದು, ಇಟಲಿಯಲ್ಲಿ ಕಾದಾಡಿ, ಯುದ್ಧ ಮುಗಿದ ಮೇಲೆ ಹಿಂದಿರುಗದೆ ಇಲ್ಲೇ ಉಳಿದವನು. ಸ್ಟಾಕ್‌ಪೋರ್ಟಿನ ಟೋಪಿ ಕಾರ್ಖಾನೆಯಲ್ಲಿ ದುಡಿದು, ಇಲ್ಲಿನ ಹೆಣ್ಣನ್ನೇ ಮದುವೆಯಾದವನು. ಮೊಮ್ಮಗಳಿಗೆ ತಾತನ ಭಾಷೆ ನಮ್ಮ ಮಕ್ಕಳಿಗೆ ಕನ್ನಡ ಬಂದಷ್ಟೇ ಬರುತ್ತಿತ್ತು. ಕೇಳಿದರೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

ಪೋಲೆಂಡಿನ ಪಾಠ ಬರುವ ವಾರ ಹಲೀನಾ ನನ್ನನ್ನು ತಡೆದಳು. "ಸರ್, ತಾತನನ್ನು ತರಗತಿಗೆ ಕರೆಯುತ್ತೀರಾ? ಮನೆಯಲ್ಲಿ ಯಾರ ಮಾತೂ ಕೇಳುವುದಿಲ್ಲ. ನೀವು ಹೇಳಿದರೆ ಕೇಳಬಹುದು."

"ಏನು ಹೇಳಬೇಕು?"

"ಅವನ ತಂಗಿಗೆ ಫೋನ್ ಮಾಡು ಅಂತ."

ತಂಗಿಯ ಹೆಸರು ಇರೇನಾ. ಯುದ್ಧದಲ್ಲಿ ಮನೆಯವರಲ್ಲಿ ಉಳಿದದ್ದು ಇವರಿಬ್ಬರೇ. ಅವರ ಹುಟ್ಟೂರು ರಷ್ಯದವರ ಪಾಲಾದಾಗ, ಅವಳನ್ನು ಪೋಲೆಂಡಿನ ಪಶ್ಚಿಮದ ಅಂಚಿಗೆ ಸಾಗಿಸಿದ್ದರು. ವ್ರೊತ್ಸ್ವಾಫ್ ಎಂಬ ಊರು, ನನ್ನ ನಾಲಿಗೆಗೆ ಇವತ್ತಿಗೂ ಒಗ್ಗಿಲ್ಲ. ಅಲ್ಲಿ ಹೊಸ ಸರ್ಕಾರದ, ಅಂದರೆ ಲುಬ್ಲಿನ್ ಕಡೆಯವರ, ಕಚೇರಿಯಲ್ಲಿ ಟೈಪಿಸ್ಟ್ ಆದಳು. ಆ ಕೆಲಸ ಬಿಡು, ಇಲ್ಲದಿದ್ದರೆ ನನಗೆ ತಂಗಿಯಿಲ್ಲ ಎಂದು ಅಣ್ಣ ಇಲ್ಲಿಂದ ಬರೆದ. ಮೊದಲು ಇಲ್ಲಿಗೆ ಬಾ, ಆಮೇಲೆ ಬುದ್ಧಿ ಹೇಳು ಎಂದು ತಂಗಿ ಅಲ್ಲಿಂದ ಬರೆದಳು. ಅಲ್ಲಿಗೆ ಮುಗಿಯಿತು. ಅರವತ್ತು ವರ್ಷ ಇಬ್ಬರೂ ಮಾತಾಡಲಿಲ್ಲ. ಜಿಗ್ಮುಂಟನ ಹೆಂಡತಿ ಮಾತ್ರ ಗಂಡನಿಗೆ ಗೊತ್ತಾಗದಂತೆ ಕ್ರಿಸ್‌ಮಸ್‌ಗೊಂದು ಕಾರ್ಡು ಕಳಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹಲೀನಾ ಫೋನಿನಲ್ಲಿ ವಿಚಾರಿಸುತ್ತಿದ್ದಳು.

"ಶುಕ್ರವಾರ ಅವಳಿಗೆ ಹೃದಯದ ಆಪರೇಷನ್ ಸರ್. ತಾತನಿಗೆ ಹೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡಿದ. ಅವಳು ಮಾತ್ರ ಪ್ರತಿ ಸಲವೂ ಕೇಳ್ತಾಳೆ, ಇನ್ನೂ ಕೋಪ ಇದೆಯಾ ಅಂತ."

ಮನೆಯಲ್ಲಿ ಸುಮಾಳಿಗೆ ಹೇಳಿದೆ. "ವಯಸ್ಸೆಷ್ಟು?" ಎಂದಳು. ಎಂಬತ್ತರ ಮೇಲೆ ಎಂದೆ. "ಆ ವಯಸ್ಸಲ್ಲಿ ಹಾರ್ಟ್ ಆಪರೇಷನ್ ಅಂದ್ರೆ ನಾನು ಮನೆಯವರಿಗೆ ಒಂದೇ ಮಾತು ಹೇಳೋದು. ಮಾತಾಡೋದಿದ್ರೆ ಮೊದಲೇ ಮಾತಾಡ್ಕೊಂಡ್ಬಿಡಿ." ಸುಮಾ ರೋಗಿಗಳ ವಿಷಯದಲ್ಲಿ ಬಣ್ಣ ಹಚ್ಚಿ ಮಾತಾಡುವವಳಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಬುಧವಾರ ಜಿಗ್ಮುಂಟ್ ಬಂದ. ಇಸ್ತ್ರಿ ಮಾಡಿದ ನೀಲಿ ಕೋಟು, ಎದೆಯ ಮೇಲೆ ಪದಕಗಳು, ಕೈಯಲ್ಲಿ ಕೋಲು. ಹಿಂದಿನ ಸಾಲಿನಲ್ಲಿ ಕೂರಿಸಿದೆ. ನನ್ನ ಯೋಜನೆ ಬಹಳ ಚತುರವಾಗಿತ್ತು ಎಂದು ನಾನು ಅಂದುಕೊಂಡಿದ್ದೆ. ಮೊದಲು ಪಾಠ, ಆಮೇಲೆ ಆತನ ಭಾಷಣ, ಆಮೇಲೆ ಚಹಾ, ಚಹಾದ ನಡುವೆ ಹಿತವಾಗಿ ತಂಗಿಯ ಮಾತು. ಯಾಲ್ಟಾದವರೂ ಹೀಗೇ ಯೋಜನೆ ಹಾಕಿದ್ದಿರಬೇಕು.

ತರಗತಿ ಸಿದ್ಧವಾಯಿತು. ಬ್ಯಾಗುಗಳು ಪೋಲೆಂಡಿನ ಮೇಲೆ ಬಂದು ಕೂತವು. ನಾನು ಎಂದಿನಂತೆ ಚಪ್ಪಾಳೆ ತಟ್ಟಿ, ಎಂದಿನ ಜೋರು ದನಿಯಲ್ಲಿ ಕೂಗಿದೆ: "ಪೋಲೆಂಡಿನವರೆಲ್ಲ ಹೊರಗೆ!"

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಜಿಗ್ಮುಂಟ್ ಎದ್ದು, ಕೋಟು ಸರಿಮಾಡಿಕೊಂಡು, ಕೋಲೂರಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದ.

ನಾನು ಹಿಂದೆಯೇ ಓಡಿದೆ. "ಸರ್, ನಿಮಗೆ ಹೇಳಿದ್ದಲ್ಲ, ಅದು ಹುಡುಗರಿಗೆ, ಆಟಕ್ಕೆ, ದಯವಿಟ್ಟು ಒಳಗೆ ಬನ್ನಿ."

ಆತ ಅಷ್ಟರಲ್ಲಿ ಎಡಗಡೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. "ಇಲ್ಲ ಟೀಚರ್. ಇದೇ ಸರಿ," ಎಂದ. "ಅವತ್ತೂ ಹೀಗೇ ಆಗಿದ್ದು. ನೀವು ಒಳಗೆ ಹೋಗಿ ನಿಮ್ಮ ಕೆಲಸ ಮಾಡಿ. ಬಾಗಿಲು ಹಾಕಿಕೊಳ್ಳಿ."

ಬಾಗಿಲು ಹಾಕಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟುಕೊಂಡು ನಿಂತೆ. ಲಂಡನ್ ಕಡೆ ಆತನ ಜೊತೆ ಹಲೀನಾ ಕೂತಳು. ಬಾಗಿಲಿನ ಆಚೆ ಬದಿ ಲುಬ್ಲಿನ್ ಕುರ್ಚಿಯಲ್ಲಿ ಪಾವೆಲ್. ಹಿರಿಯರು ಬಂದರೆಂದು ಪಾವೆಲ್ ಎದ್ದು ನಿಂತ.

"ನೀನು ಯಾವ ಕಡೆ?" ಎಂದು ಮುದುಕ ಕೇಳಿದ.

"ಲುಬ್ಲಿನ್."

"ಹಾಗಾದರೆ ಅಲ್ಲೇ ಕೂತಿರು. ಈ ಕಡೆ ಬರಬೇಡ."

ಅರ್ಧ ತಮಾಷೆ, ಅರ್ಧ ನಿಜ. ಪಾವೆಲ್ ಕೂತ. ಒಳಗೆ ಬ್ರಿಟನ್ ಮರ್ಯಾದೆಯ ಮಾತಾಡುತ್ತಿತ್ತು. ಆಮೇಲೆ ಪಾವೆಲ್ ತನ್ನ ಭಾಷೆಯಲ್ಲಿ, ತಲೆ ತಗ್ಗಿಸಿಕೊಂಡು, ಏನೋ ಹೇಳಿದ. ಮುದುಕ ಕೋಲಿನ ಹಿಡಿಯನ್ನು ತಿರುಗಿಸುತ್ತ ಕೂತ. ಹುಡುಗ ಹೇಳಿದ್ದೇನೆಂದು ಹಲೀನಾ ನನಗೆ ಪಿಸುಗುಟ್ಟಿದಳು. "ಅವನ ಅಜ್ಜಿಯೂ ಆ ಸರ್ಕಾರದ ಕಚೇರಿಯಲ್ಲೇ ಕೆಲಸ ಮಾಡಿದ್ದಂತೆ. ಊರಲ್ಲಿ ಬೇರೆ ಕಚೇರಿಯೇ ಇರಲಿಲ್ಲವಂತೆ."

ಬಾಗಿಲು ತೆರೆಯಿತು. ಆ ವರ್ಷ ರಷ್ಯದ ನಾಯಕಿ ಕ್ಲೋಯಿ ಎಂಬ ಗುಂಗುರು ಕೂದಲಿನ ಹುಡುಗಿ. ಕೈಯಲ್ಲಿ ತೀರ್ಮಾನದ ಕಾಗದ. ಎದುರಿಗೆ ನಿಜವಾದ ಸೈನಿಕ ಕೂತಿದ್ದು ನೋಡಿ ಅವಳು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಜಿಗ್ಮುಂಟ್ ಎದ್ದು, ಎದೆ ಸೆಟೆಸಿ ನಿಂತು, ಕೈಸನ್ನೆಯಲ್ಲಿ "ಓದು" ಎಂದ.

"ಈಗಿರುವ ಸರ್ಕಾರ ಹಾಗೇ ಇರುತ್ತೆ. ನಿಮ್ಮಲ್ಲಿ ಕೆಲವರನ್ನು ಸೇರಿಸಿಕೊಳ್ತೀವಿ. ಆಮೇಲೆ ಯಾವಾಗಲಾದರೂ ಚುನಾವಣೆ," ಎಂದು ಓದಿದಳು.

"ಯಾರನ್ನು ಕೇಳಿ ತೀರ್ಮಾನ ಮಾಡಿದಿರಿ?" ಮುದುಕ ಕೇಳಿದ.

ಕ್ಲೋಯಿ ನನ್ನ ಮುಖ ನೋಡಿದಳು. "ಯಾರನ್ನೂ ಇಲ್ಲ. ಕೇಳಬೇಕಾಗಿಲ್ಲ ಅಂತ ಸರ್ ಹೇಳಿದ್ರು."

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮುದುಕನೂ ನಕ್ಕ, ಕೋಲು ನೆಲಕ್ಕೆ ಕುಟ್ಟಿ ನಕ್ಕ. ನಗುತ್ತಲೇ ಅವನ ಕಣ್ಣು ಆಚೆ ಬದಿಯ ಲುಬ್ಲಿನ್ ಕುರ್ಚಿಯ ಹುಡುಗನ ಮೇಲೆ ಬಿತ್ತು. ನಗು ಅಲ್ಲೇ ನಿಂತಿತು.

"ನಾನೂ ಕೇಳಲಿಲ್ಲ," ಎಂದ. ಇಂಗ್ಲಿಷಿನಲ್ಲೇ, ನಮಗೆಲ್ಲ ಕೇಳುವಂತೆ. "ಅಲ್ಲಿ ಇದ್ದವಳು ಅವಳು. ಹೇಗಿದ್ದೀಯ, ಏನು ತಿಂತಿದ್ದೀಯ ಅಂತ ಕೇಳಲಿಲ್ಲ. ಇಲ್ಲಿಂದಲೇ ತೀರ್ಮಾನ ಮಾಡಿ ಕಳಿಸಿದೆ."

ಆಮೇಲೆ ಹಲೀನಾಳ ಕಡೆ ಕೈ ಚಾಚಿದ. ಅವಳು ನಂಬರು ಒತ್ತಿ ಫೋನ್ ಕೊಟ್ಟಳು. ಹುಡುಗರೆಲ್ಲ ಬಾಗಿಲಿಗೆ ಬಂದು ಗುಂಪಾಗಿದ್ದರು. ಒಳಗೆ ಕಳಿಸಬೇಕಿತ್ತು. ನಾನೇ ಅವರೆಲ್ಲರ ಮುಂದೆ ನಿಂತಿದ್ದೆ.

"ಇರೇನಾ," ಎಂದ. ಆಮೇಲೆ ತನ್ನ ಹೆಸರು ಹೇಳಿದ. ಆ ಕಡೆಯಿಂದ ತೆಳುವಾದ, ಬಿರುಸಾದ ಮುದುಕಿಯ ದನಿ, ನಾವೆಲ್ಲ ಕೇಳುವಷ್ಟು ಜೋರಾಗಿ. ಆತ ಚುಟುಕಾಗಿ ಏನೋ ಹೇಳಿದ. ಮತ್ತೆ ಅವಳ ದನಿ. ಈಗ ಆತ ಕುರ್ಚಿ ಹುಡುಕಿ ಕೂತ. ಹಲೀನಾ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಏನಂತೆ?" ಎಂದೆ.

"ನನ್ನ ಸರ್ಕಾರ ಬಿದ್ದು ಎಷ್ಟೋ ವರ್ಷ ಆಯ್ತು, ನಿನ್ನದು ಇದೆಯಾ ಅಂತ ಕೇಳಿದಳು. ನಮ್ಮದೂ ಬಾಗಿಲು ಹಾಕಿತು ಅಂದ ತಾತ. ಹಾಗಾದರೆ ನಾವಿಬ್ಬರು ಯಾರ ಪರವಾಗಿ ಜಗಳ ಆಡ್ತಾ ಇದ್ದೀವಿ ಅಂತ ಕೇಳ್ತಿದ್ದಾಳೆ."

ಊಟದ ಗಂಟೆ ಹೊಡೆಯಿತು. ಸಾಮಾನ್ಯವಾಗಿ ಆ ಗಂಟೆಗೆ ಕಟ್ಟಡ ಬೀಳುವಂತೆ ಓಡುವ ಹುಡುಗರು, ಅವತ್ತು ಆತನ ಕುರ್ಚಿ ದಾಟುವಾಗ ತುದಿಗಾಲಿನಲ್ಲಿ ನಡೆದು ಹೋದರು. ಆತ ಫೋನಿಗೆ ಅಂಟಿಕೊಂಡೇ ಕೂತಿದ್ದ. ನನ್ನ ಚತುರ ಯೋಜನೆಯ ಚಹಾ ಸ್ಟಾಫ್ ರೂಮಿನಲ್ಲಿ ಆರಿ ತಣ್ಣಗಾಯಿತು. ಅದನ್ನು ಹ್ಯಾರಪ್ ಸಾಹೇಬರು ಕುಡಿದರಂತೆ.

ಇರೇನಾಳ ಆಪರೇಷನ್ ಆಯಿತು, ಬದುಕಿದಳು. ಆ ಬೇಸಿಗೆಯಲ್ಲಿ ಮುದುಕ ಮೊಮ್ಮಗಳ ಜೊತೆ ವಿಮಾನ ಹತ್ತಿ ಹೋಗಿ, ತಂಗಿಯ ಸಣ್ಣ ಫ್ಲ್ಯಾಟಿನಲ್ಲಿ ಇದ್ದು ಬಂದ. ಬಂದವನು ನನಗೆ ಅಲ್ಲಿನ ಸಾಸೇಜ್ ತಂದುಕೊಟ್ಟ. ನಮ್ಮದು ಲಿಂಗಾಯತರ ಮನೆ, ಮಾಂಸ ಒಳಗೆ ಬರುವಂತಿಲ್ಲ ಎಂದು ಹೇಳುವ ಮನಸ್ಸಾಗಲಿಲ್ಲ. ಪಕ್ಕದ ಮನೆಯವರು ಬಹಳ ಸಂತೋಷಪಟ್ಟರು. ಚಳಿಗಾಲದಲ್ಲಿ ಇರೇನಾ ನಿದ್ದೆಯಲ್ಲೇ ಹೋದಳೆಂದು ಹಲೀನಾ ಬಂದು ಹೇಳಿದಳು.

ಮುಂದಿನ ವರ್ಷ ಪೋಲೆಂಡಿನ ಪಾಠದ ದಿನ, ಕರೆಯದೆಯೇ ಜಿಗ್ಮುಂಟ್ ಬಂದ. ಹಲೀನಾ ಆಗಲೇ ಯೂನಿವರ್ಸಿಟಿಗೆ ಹೋಗಿದ್ದಳು, ಒಬ್ಬನೇ ಬಸ್ಸಿನಲ್ಲಿ ಬಂದಿದ್ದ. ಅದೇ ಕೋಟು, ಅದೇ ಪದಕ. ನಾನು ಈ ಸಲ ಚಪ್ಪಾಳೆ ತಟ್ಟಲು ಹಿಂದೆಮುಂದೆ ನೋಡಿದೆ. ಆತ ಹಿಂದಿನ ಸಾಲಿನಿಂದ ಹುಬ್ಬು ಹಾರಿಸಿ, "ಏನು ಟೀಚರ್, ಕೂಗಿ!" ಎಂದ. ಕೂಗಿದೆ. ಹುಡುಗರ ಜೊತೆ ಎದ್ದು ಹೊರಗೆ ನಡೆದ. ಕುರ್ಚಿ ಸರಿಮಾಡಿಕೊಡಲು ನಾನೂ ಹಿಂದೆ ಹೋದೆ. ಆತ ಎಡಗಡೆಯ ಕುರ್ಚಿಗಳತ್ತ ತಿರುಗದೆ, ಕೆಂಪು ಸಿಲಿಂಡರನ್ನು ದಾಟಿ ಹೋಗುತ್ತಿದ್ದ.

"ಸರ್, ಲಂಡನ್ ಕಡೆಯವರಿಗೆ ಇಲ್ಲಿ," ಎಂದೆ.

"ಗೊತ್ತು," ಎಂದ. ಲುಬ್ಲಿನ್ ಕಡೆಯ ಕುರ್ಚಿಯಲ್ಲಿ ನಿಧಾನವಾಗಿ ಕೂತು, ಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡ. "ನನ್ನ ತಂಗಿ ಈ ಕಡೆ ಕೂರುತ್ತಿದ್ದಳು. ಇವತ್ತು ಅವಳು ಬಂದಿಲ್ಲ, ಅವಳ ಜಾಗದಲ್ಲಿ ನಾನು ಕೂರುತ್ತೇನೆ."

ಬಾಗಿಲು ಹಾಕಿಕೊಂಡು ನಾನು ಒಳಗೆ ಬಂದೆ.